ಗಲ್ಲುಗಂಬದ ಗುಂಡಿ

ಪಾಳೆಗಾರರ ಕಾಲದ ಮಾತು. ದಂಡು ಹೊಳೆದಂಡೆಯಲ್ಲಿ ಬೀಡುಬಿಟ್ಟಿತ್ತು. ತಪ್ಪು ಮಾಡಿದ ಸಿಪಾಯಿಗಳ ವಿಚಾರಣೆಗೆ ಏರ್ಪಾಡು ಮಾಡುವ ಕೆಲಸ ಸಿದ್ಧವೀರಪ್ಪನದು. ಆಸಾಮಿ ಬಲು ಅಚ್ಚುಕಟ್ಟು. ಅವತ್ತು ಮಾತ್ರ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಕಡೆಗೆ ಪಕ್ಕದ ಮಠಕ್ಕೆ ಓಡಿದ. ಅವನ ಗುರು ಮುಪ್ಪಿನಯ್ಯ ಹೂವಿನ ಪಾತಿ ಅಗೆಯುತ್ತಿದ್ದರು.

“ಅಜ್ಜಾರೇ, ನಾಳೆ ಬೆಳಿಗ್ಗೆ ಓಬಳನ ವಿಚಾರಣೆ. ಕಾವಲು ಬಿಟ್ಟು ಹೋದ ಅಂತ ಆರೋಪ. ಸಾಬೀತಾದರೆ ಗಲ್ಲು. ಏರ್ಪಾಡಿನಲ್ಲಿ ಏನೋ ತಪ್ಪಿದೆ, ಏನಂತ ಹೊಳೀತಿಲ್ಲ.”

“ಏನೇನು ಮಾಡಿದ್ದೀಯ?”

“ತೀರ್ಪು ಕೊಡೋ ಐದು ಜನ ಸರದಾರರಿಗೆ ಹೇಳಿಕಳಿಸಿದೆ. ಡೇರೆ ಹಾಕಿಸಿದೆ. ಸಾಕ್ಷಿಗಳು ಬಂದಿದ್ದಾರೆ. ನಾಳೆ ಮಧ್ಯಾಹ್ನವೇ ದಂಡು ಹೊರಡಬೇಕು, ಇಲ್ಲಿನ ನೆಲವೋ ಬರೀ ಬಂಡೆ. ಅದಕ್ಕೇ ಗಲ್ಲುಗಂಬದ ಗುಂಡಿ ಇವತ್ತೇ ತೋಡಿಸಿಬಿಟ್ಟೆ.”

“ಓಬಳ ಕಾವಲು ಯಾಕೆ ಬಿಟ್ಟ?”

“ಅದು ವಿಚಾರಣೆಯಲ್ಲಿ ಗೊತ್ತಾಗುತ್ತೆ.”

“ಗುಂಡಿ ಎಲ್ಲಿ?”

“ಡೇರೆ ಬಾಗಿಲ ಮುಂದೆ. ದಂಡೆಲ್ಲ ನೋಡಬೇಕು, ಪದ್ಧತಿ.”

ಅಜ್ಜಾರು ಗುದ್ದಲಿ ಹೆಗಲಿಗೇರಿಸಿ ನಡೆದೇಬಿಟ್ಟರು. ಸಿದ್ಧವೀರಪ್ಪ ಏದುಸಿರು ಬಿಡುತ್ತ ಹಿಂದೆ ಓಡಿದ.

ಗುಂಡಿಯ ಹತ್ತಿರ ಇಬ್ಬರು ಸರದಾರರು ಬಗ್ಗಿ ನೋಡುತ್ತಿದ್ದರು.

“ಇಷ್ಟು ಆಳ ಸಾಕೇನ್ರಿ?” ಎಂದ ಒಬ್ಬ.

“ಓಬಳ ಎತ್ತರದ ಆಳು. ಕಂಬ ಇನ್ನೂ ಉದ್ದ ಇರಲಿ,” ಎಂದ ಇನ್ನೊಬ್ಬ.

ನಾಳೆ ತೀರ್ಪು ಕೊಡಬೇಕಾದವರು ಇವರೇ!

ಅಜ್ಜಾರು ಹೆಗಲ ಗುದ್ದಲಿ ಇಳಿಸಿದರು. ಪಕ್ಕದಲ್ಲಿ ರಾಶಿ ಬಿದ್ದಿದ್ದ ಕಲ್ಲುಮಣ್ಣನ್ನು ಗುಂಡಿಗೆ ಎಳೆಯತೊಡಗಿದರು. ಸರದಾರರು ಮುಖ ಮುಖ ನೋಡಿಕೊಂಡು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಮಠದ ಅಜ್ಜಾರಿಗೆ ಎದುರಾಡುವುದುಂಟೇ!

ಸಿದ್ಧವೀರಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ.

“ಅಯ್ಯೋ ಅಜ್ಜಾರೇ, ಏನಿದು! ನಾಲ್ಕು ಆಳು ಹಗಲೆಲ್ಲ ಬೆವರು ಸುರಿಸಿ ತೋಡಿದ್ದು!”

ಅಜ್ಜಾರು ಮಣ್ಣು ಎಳೆಯುತ್ತಲೇ ಇದ್ದರು.

“ನಾಳೆ ಗಲ್ಲೇ ಅಂತ ತೀರ್ಪಾದರೆ?”

“ಮತ್ತೆ ತೋಡು.”

“ಮತ್ತೆ ಒಂದು ಹಗಲು ಬೇಕು! ಇಡೀ ದಂಡು ಕಾಯಬೇಕು! ದಳವಾಯಿಗಳು ನನ್ನ ಚರ್ಮ ಸುಲೀತಾರೆ!”

ಅಜ್ಜಾರು ಕೊನೆಯ ಮಣ್ಣು ಎಳೆದು, ಕಾಲಿನಿಂದ ತುಳಿದು ನೆಲ ಸಮ ಮಾಡಿದರು.

“ಕಾಯಲಿ. ಅವನನ್ನ ಕೊಲ್ಲೋದಕ್ಕೆ ನಿಮಗೆ ಅಷ್ಟಾದರೂ ಕಷ್ಟವಾಗಲಿ.”