ಏಳನೆಯ ಸಾಲು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಶನಿವಾರ. ಬೆಳಗಿನ ಶಾಲೆ. ಏಳನೆಯ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದರು. ನನ್ನ ಹೆಸರು ಬರುವ ಮೊದಲೇ ಹಿಂದಿನ ಬಾಗಿಲಿಂದ ಹೊರಬಿದ್ದೆ. ಆಮೇಲೆ ಎಷ್ಟೋ ಊರು, ಎಷ್ಟೋ ಕೆಲಸ. ಕಡೆಗೆ ರಾಣೆಬೆನ್ನೂರಿನಲ್ಲಿ, ಕಂಪ್ಯೂಟರ್ ರಿಪೇರಿ ಮಾಡುವ ಮುರಿಗೆಪ್ಪ ಮಾಸ್ತರರ ಅಂಗಡಿಯಲ್ಲಿ ಸ್ವಲ್ಪ ಕಾಲ ನಿಂತೆ.

ನಾನು ಹೊರಟಾಗ ತೊಟ್ಟಿಲಲ್ಲಿದ್ದ ತಂಗಿ ಈಗ ಕಾಲೇಜು ಸೇರುವವಳಿದ್ದಳು. ತನಗೆ ಬೇಕಾದ ಕಂಪ್ಯೂಟರಿನ ಪಟ್ಟಿ ಬರೆದು ಕಳಿಸಿದ್ದಳು. ಏಳು ಸಾಲು. ಮೊದಲ ಆರು ಭಾಗಗಳನ್ನು ಆರಿಸಿ ಕೊರಿಯರಿಗೆ ಹಾಕಿದರೆ ನನ್ನ ಪಾಲಿನದು ಮುಗಿಯಿತು ಅಂದುಕೊಂಡೆ.

"ಮಾಸ್ತರ, ಇದರಾಗ ಯಾವುದನ್ನ ಹೆಚ್ಚು ನೋಡಿ ಆರಿಸಬೇಕ್ರಿ?" ಎಂದು ಕೇಳಿದೆ.

ಮಾಸ್ತರರು ಕತೆ ಹೇಳಿದರು.

ಒಬ್ಬ ಗಾರೆಯವನಿದ್ದ. ಅವನ ಮಗಳಿಗೆ ಮನೆಯ ನಕ್ಷೆ ಬರೆಯುವ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೋಮವಾರ ಮೊದಲ ನಕ್ಷೆ ಒಪ್ಪಿಸಬೇಕು. ಅಪ್ಪ ಮಗಳು ಅಂಗಡಿ ಅಂಗಡಿ ಸುತ್ತಿ, ಕಂಪ್ಯೂಟರಿನ ಭಾಗಗಳಲ್ಲೆಲ್ಲ ಒಳ್ಳೆಯವನ್ನೇ ಆರಿಸಿ ತಂದರು. ಗಾರೆಯವನು ಪೂಜೆ ಮಾಡದೆ ಒಂದು ಬಾಗಿಲ ಚೌಕಟ್ಟನ್ನೂ ನಿಲ್ಲಿಸಿದವನಲ್ಲ. ಭಾಗಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು, ಕುಂಕುಮ ಕಲಸಿ, ಒಂದೊಂದಕ್ಕೂ ಬೊಟ್ಟಿಟ್ಟ. ಅವುಗಳಲ್ಲಿ ಬೆರಳುದ್ದದ ಒಂದು ಪಟ್ಟಿಗೆ ಬಂಗಾರದ ಬಣ್ಣದ ಅಂಚಿತ್ತು. ಚೆಂದ ಕಂಡಿತು. ಬೊಟ್ಟನ್ನು ಆ ಅಂಚಿಗೇ ಇಟ್ಟ.

ಇಬ್ಬರೂ ಕೂಡಿ ಜೋಡಿಸಿದರು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಒಳಗೆ ಏನೋ ಕೂಗಿತು, ಮತ್ತೆ ಕೂಗಿತು. ಪರದೆ ಕಪ್ಪಗೇ ಉಳಿಯಿತು. ಭಾನುವಾರ ಮಧ್ಯಾಹ್ನವಾಗಿತ್ತು. ಎಲ್ಲಕ್ಕಿಂತ ದೊಡ್ಡ ಭಾಗವೇ ಕೆಟ್ಟಿರಬೇಕು ಎಂದು ಮಗಳು ಅತ್ತಳು. ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಒಬ್ಬ ರಿಪೇರಿಯವನ ಬಳಿ ಹೋದರು.

ಅವನು ದೊಡ್ಡದರ ಕಡೆ ನೋಡಲಿಲ್ಲ. ಬೆರಳುದ್ದದ ಪಟ್ಟಿಯನ್ನು ಎಳೆದು, ಅದರ ಅಂಚಿನ ಕುಂಕುಮವನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದ. ಗುಂಡಿ ಒತ್ತಿದ. ಒಂದೇ ಒಂದು ಸಣ್ಣ ಸದ್ದು. ಪರದೆ ಬೆಳಗಿತು.

"ಇಷ್ಟು ಸಣ್ಣದಕ್ಕ ಇಷ್ಟೆಲ್ಲ ನಿಂತಿತ್ತೇನ್ರಿ?" ಎಂದ ಗಾರೆಯವನು.

"ಕಂಪ್ಯೂಟರು ಏಳ್ತಿದ್ದಂಗ ಮೊದಲು ಒಳಗಿನವರ ಹೆಸರು ಕೂಗತೈತಿ. ನೀ ಇದ್ದೀಯೇನು, ನೀ ಇದ್ದೀಯೇನು ಅಂತ. ಇದೊಂದು ಓ ಅನ್ನಲಿಲ್ಲ. ಇದನ್ನ ಬಿಟ್ಟು ಮುಂದ ಹೋಗಾಕ ಉಳಿದವು ಒಪ್ಪಲಿಲ್ಲ. ಅಷ್ಟೊತ್ತು ಕೂಗಿದ್ದು ಇದನ್ನ," ಎಂದ ರಿಪೇರಿಯವನು.

ಗಾರೆಯವನು ಮೆಲ್ಲಗೆ ಚಪ್ಪಲಿ ಬಿಟ್ಟು ನಿಂತುಕೊಂಡ.

ಮಾಸ್ತರರು ಕತೆ ನಿಲ್ಲಿಸಿದರು. ಮೇಜಿನ ಮೇಲೆ ರಿಪೇರಿಯಾದ ಒಂದು ಕಂಪ್ಯೂಟರ್ ಇತ್ತು. ದಿನಕ್ಕೆ ಹತ್ತು ಸಲ ಅಂಥ ಗುಂಡಿ ಒತ್ತಿದವನು ನಾನು. ಆ ಸಣ್ಣ ಸದ್ದನ್ನು ಎಷ್ಟು ಸಲ ಕೇಳಿದ್ದೆನೋ. ಒಮ್ಮೆ ಒತ್ತಿದೆ. ಸದ್ದು ಬಂತು. ಯಾರೂ ಬಿಟ್ಟುಹೋಗಿಲ್ಲ ಎಂದು ಅದು ಹೇಳುತ್ತಿದೆ ಎನ್ನುವುದು ನನಗೆ ಅಂದೇ ತಿಳಿದದ್ದು.

"ಹಂಗಾರ ಆರರಾಗ ಯಾವುದೂ ಸಣ್ಣದಲ್ಲ ಅಂತೀರಿ," ಎಂದೆ.

ಮಾಸ್ತರರು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಏಳನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ತಂಗಿ ಬರೆದಿದ್ದಳು: ಜೋಡಿಸಲು, ಅಣ್ಣ.

"ತಮ್ಮಾ, ಇದನ್ನ ಯಾವ ಕೊರಿಯರಿಗೆ ಹಾಕ್ತಿ?"

ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕಿಟ್ಟು, ಅದರ ಮೇಲೆ ನನ್ನ ಎರಡು ಅಂಗಿ ಮಡಿಸಿಟ್ಟೆ.