ಹಾಡುಹಕ್ಕಿಗೊಂದು ಗುಡಿ

"ಗುರುಗಳೇ, ಹಾಡಿ ಹಾಡಿ ಅಳಿದುಹೋದ ಹಕ್ಕಿ ದೊಡ್ಡದೋ, ಸದ್ದಿಲ್ಲದೆ ಅಳಿವಿನ ಅಂಚಿನಲ್ಲಿ ಕುಳಿತ ನೀರುಹಲ್ಲಿ ದೊಡ್ಡದೋ?" ಎಂದು ಶಿಷ್ಯ ಕೇಳಿದ. ಅವನ ತೀರ್ಪು ಹಕ್ಕಿಯ ಕಡೆಗೇ ಎಂಬುದು ಕೇಳಿದ ದನಿಯಲ್ಲೇ ಗೊತ್ತಾಗುತ್ತಿತ್ತು. ಗುರುಗಳು ನಕ್ಕು ಕತೆ ಹೇಳಿದರು.

ಬೆಟ್ಟದ ಬುಡದ ಊರಿನಲ್ಲಿ ಒಬ್ಬ ಶಿಲ್ಪಿಯಿದ್ದ. ಆ ಬೆಟ್ಟದಲ್ಲಿ ಹಿಂದೆ ಒಂದು ಜಾತಿಯ ಹಾಡುಹಕ್ಕಿ ಇದ್ದು ಅಳಿದುಹೋಗಿತ್ತು. ಅದರ ದನಿ ಕೇಳಿದವರಲ್ಲಿ ಉಳಿದವನು ಅವನೊಬ್ಬನೇ. ಅದಕ್ಕೊಂದು ಗುಡಿ ಕಟ್ಟಲು ಊರು ನಿಶ್ಚಯಿಸಿದಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ. ಆ ಹಾಡಿಗೆ ರೂಪ ಕೊಟ್ಟೇ ಕಣ್ಣು ಮುಚ್ಚಬೇಕೆಂಬುದು ಅವನ ಒಂದೇ ಆಸೆ.

ಕಲ್ಲನ್ನು ಉಳಿಯಿಂದ ತಟ್ಟಿ, ನಾದ ಕೇಳಿ ಆರಿಸುವುದು ಶಿಲ್ಪಿಗಳ ಪದ್ಧತಿ. ಹಾಡುವ ಹಕ್ಕಿಗೆ ಮೂಗಕಲ್ಲು ಒಗ್ಗೀತೇ? ಬೆಟ್ಟವೆಲ್ಲ ತಟ್ಟಿ ಬಂದ. ಕೊನೆಗೆ ಒರತೆಯ ಮಡುವಿನಲ್ಲಿದ್ದ ಕರಿಯ ಕಲ್ಲೊಂದು ಗಂಟೆಯಂತೆ ನುಡಿಯಿತು. ಹಾರೆ ಹಾಕಿ ಎತ್ತಿದ.

ಅಡಿಯಲ್ಲಿ ನೀರುಹಲ್ಲಿಯೊಂದು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು. ಹಲ್ಲಿಯ ಮೈಕಟ್ಟು, ಕಪ್ಪೆಯ ತೊಗಲು. ಬೇರೆಲ್ಲ ಒರತೆಗಳಲ್ಲಿ ಅದರ ಸಂತತಿ ಮುಗಿದುಹೋಗಿತ್ತು. ಬಿಸಿಲು ಬಿದ್ದರೂ ಅದು ಮೊಟ್ಟೆ ಬಿಟ್ಟು ಕದಲಲಿಲ್ಲ. ಯಾವುದೋ ಏಡಿ ಕಿತ್ತ ಕಾಲಿನ ಜಾಗದಲ್ಲಿ ಹೊಸ ಕಾಲು ಚಿಗುರುತ್ತಿತ್ತು, ಪುಟ್ಟ ಬೆರಳುಗಳ ಸಮೇತ. ಶಿಲ್ಪಿ ಬೆರಗಾಗಿ ಅಲ್ಲೇ ಕುಳಿತುಬಿಟ್ಟ. ಕೆತ್ತುವುದರಲ್ಲಿ ಎತ್ತಿದ ಕೈ ಅವನದು. ಆದರೂ ಮುರಿದ ಮೂರ್ತಿಗೆ ಒಂದು ಬೆರಳು ಕೂಡಿಸುವುದು ಅವನಿಂದ ಆಗಿರಲಿಲ್ಲ. "ಎಂಥ ಕಸುಬುದಾರನಪ್ಪಾ ನೀನು!" ಎಂದು ಕೈಮುಗಿದ.

ಹಿಂದೆಯೇ ಬಂದ ಊರಗೌಡ, "ಏನು ಆಚಾರ್ರೇ, ಕಲ್ಲು ಸಿಕ್ತಲ್ಲ, ಹೊರಿಸೋಣವೇ?" ಎಂದ.

"ಇದು ಅದರ ಮನೆ ಗೌಡ್ರೇ. ಹೊತ್ಕೊಂಡು ಹೋದ್ರೆ ಆ ಮೊಟ್ಟೆ ಉಳಿಯೋಲ್ಲ."

"ಈ ಮೂಗ ಹುಳಕ್ಕೋಸ್ಕರ ಹಾಡೋ ಹಕ್ಕಿ ಗುಡಿ ಕೆಲಸ ನಿಲ್ಬೇಕೋ?"

ಶಿಲ್ಪಿಗೆ ದುಃಖ ಉಕ್ಕಿ ಬಂದಿತ್ತು. ಕಲ್ಲನ್ನು ಮೆಲ್ಲಗೆ ಇದ್ದಲ್ಲಿಗೇ ಇಳಿಸಿದ. ಅಂಥ ನಾದದ ಕಲ್ಲು ಮತ್ತೆ ಸಿಗಲಿಲ್ಲ, ಬೇರೆ ಕಲ್ಲಿಗೆ ಅವನ ಉಳಿ ಏಳಲಿಲ್ಲ. ಊರವರು ಬಾಯಿಗೆ ಬಂದಂತೆ ಬೈದರು. ಗುಡಿ ಬರಿದಾಗಿಯೇ ಉಳಿಯಿತು.

ಶಿಷ್ಯ ಮರುಗಿದ. "ಪಾಪ, ಅಂಥ ಹಕ್ಕಿಗೆ ಒಂದು ಮೂರ್ತಿಯೂ ಇಲ್ಲದಾಯಿತಲ್ಲ! ಅದು ಅಳಿದದ್ದಾದರೂ ಹೇಗೆ, ಗುರುಗಳೇ?"

ಗುರುಗಳು ಹೇಳಿದರು: "ಅದಕ್ಕೂ ಮೊದಲು ಅಳಿದ ಜಿಂಕೆಗೆ ಗುಡಿ ಕಟ್ಟುವಾಗ, ಹಕ್ಕಿ ಗೂಡು ಕಟ್ಟುತ್ತಿದ್ದ ಮರಗಳನ್ನೇ ತೊಲೆಗೆಂದು ಕಡಿದಿದ್ದರು."