ನಾವು ಅಂದರೆ ಯಾರು?

ಸಮುದ್ರದ ದಂಡೆ ಮೇಲೆ ಹದಿಮೂರು ಊರು ಇದ್ದವಂತೆ. ಹದಿಮೂರಕ್ಕೂ ಒಬ್ಬನೇ ರಾಜ. ಆ ರಾಜ ಇದ್ದದ್ದೆಲ್ಲಿ? ಸಮುದ್ರದ ಆಚೆ. ಅವನ ಮುಖ ಯಾರೂ ಕಂಡವರಲ್ಲ, ಅವನ ಸುಂಕದವರ ಮುಖ ಮಾತ್ರ ದಿನಾ ಕಾಣಬೇಕು. ಉಪ್ಪಿಗೆ ಸುಂಕ, ಬೆಲ್ಲಕ್ಕೆ ಸುಂಕ, ಕೊನೆಗೆ ಕಾಯಿಸಿ ಕುಡಿಯೋ ಎಲೆಗೂ ಸುಂಕ. ಜನ ನೋಡಿದರು, ನೋಡಿದರು, ಒಂದು ದಿನ ಎಲೆಮೂಟೆಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಸುಂಕದವರನ್ನು ದೋಣಿ ಹತ್ತಿಸಿ ಕಳಿಸಿಯೂಬಿಟ್ಟರು.

ರಾಜನ ಕಾಟ ಹೋಯಿತು. ಆಮೇಲೆ ಏನಾಯ್ತು ಗೊತ್ತಾ? ಊರೂರೇ ಕಿತ್ತಾಡೋಕೆ ಶುರುವಾದವು. ಈ ಊರಿನ ಸೇರು ಆ ಊರಲ್ಲಿ ಅರ್ಧ ಸೇರು. ಈ ಊರಿನ ಮೀನು ಹೊತ್ತವನಿಗೆ ಆ ಊರಿನ ಗಡಿಯಲ್ಲಿ ತಡೆ. ಹೀಗೇ ಆದರೆ ರಾಜ ಮತ್ತೆ ಬಂದು ಕೂರ್ತಾನೆ ಅಂತ ಎಲ್ಲರಿಗೂ ಹೆದರಿಕೆ ಹತ್ತಿತು. ಎಲ್ಲ ಊರಿನ ಹಿರಿಯರೂ ದೊಡ್ಡೂರಿನ ಚಾವಡಿಯಲ್ಲಿ ಸೇರಿದರು. ಎಲ್ಲರಿಗೂ ಒಪ್ಪೋ ಕಟ್ಟಳೆ ಮಾಡಿ, ಕಲ್ಲಿನ ಮೇಲೆ ಕೆತ್ತಿಸಿಯೇ ಏಳೋದು ಅಂತ ಕೂತರು. ಅರ್ಧ ಆಡಿದ ಮಾತು ಹೊರಗೆ ಹೋದರೆ ಜಗಳ ಆಗುತ್ತೆ ಅಂತ, ಆ ಸುಡು ಬೇಸಿಗೇಲಿ ಬಾಗಿಲೂ ಹಾಕಿದರು, ಕಿಟಕಿಯೂ ಹಾಕಿದರು. ಬೆವರಿ ಬೆವರಿ ತೊಪ್ಪೆಯಾದರು ಪಾಪ.

ಅವರಿಗೆಲ್ಲ ನೀರು ಕೊಡುತ್ತಿದ್ದವಳು ಚೌಡವ್ವ. ದೊಡ್ಡೂರಿನ ಯಜಮಾನ ಭರಮಪ್ಪನ ಮನೆ ಜೀತದವಳು. ಗಂಡನಿಲ್ಲ, ಇದ್ದವಳು ಒಬ್ಬಳೇ ಮಗಳು, ಕೆಂಪಿ. ಆ ಊರಲ್ಲೊಂದು ಕೆಟ್ಟ ಪದ್ಧತಿ ಇತ್ತು. ಜೀತದವಳ ಮಗು ತುಂಬಿದ ಕೊಡ ಎತ್ತಿದ ದಿನ, ಆ ಮಗುವೂ ಧಣಿಯ ಸೊತ್ತು. ಧಣಿ ಯಾವ ಊರಿಗೆ ಕಳಿಸಿದರೆ ಆ ಊರಿಗೆ ಹೋಗಬೇಕು.

ಅದಕ್ಕೇ ಚೌಡವ್ವ ಬಾವಿ ಹತ್ತಿರ ಮಗಳ ಕೊಡಕ್ಕೆ ಅರ್ಧವೇ ನೀರು ಹೊಯ್ಯುತ್ತಿದ್ದಳು.

"ತುಂಬವ್ವ, ಎತ್ತುತೀನಿ," ಅಂತಿದ್ದಳು ಕೆಂಪಿ. "ನಿನಗೆ ಸೊಂಟ ನೋವಲ್ವಾ?"

"ಇಷ್ಟೇ ಸಾಕು ಮಗಳೇ. ನೀನಿನ್ನೂ ಚಿಕ್ಕೋಳು," ಅಂದು ತಾಯಿ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಹುಡುಗಿ ದಿನಾ ಬೆಳೀತಾನೇ ಇದ್ದಳು. ಅವಳು ಉದ್ದ ಆದಷ್ಟೂ ತಾಯಿಗೆ ಎದೆ ಕುಸಿಯೋದು.

ಇನ್ನು ಈ ಭರಮಪ್ಪ. ಅವನಿಗೆ ಒಂದೇ ಆಸೆ, ರಾಜ ಬಿಟ್ಟುಹೋದ ಜಾಗದಲ್ಲಿ ತಾನು ಕೂರಬೇಕು. ರಾಜ ಓಲೆಗಳಲ್ಲಿ ಬರೆಸುತ್ತಿದ್ದ ಹಾಗೆ ತನ್ನನ್ನೇ 'ನಾವು' ಅಂದುಕೊಳ್ಳೋದನ್ನೂ ಕಲಿತಿದ್ದ. "ನಾವು ಉಂಡೆವು. ನಾವು ಮಲಗಿದೆವು. ನಮಗೆ ಸೀನು ಬಂತು." ನಗಬೇಡಿ, ಅವನ ಎದುರಿಗೆ ಯಾರೂ ನಗುತ್ತಿರಲಿಲ್ಲ.

ಚಾವಡಿಯಲ್ಲಿ ಮೊದಲ ಜಗಳ ಎದ್ದಿತು. ಕಟ್ಟಳೆಗೆ ಹೂಂ ಅನ್ನೋಕೆ ಯಾವ ಊರಿಗೆ ಎಷ್ಟು ದನಿ? ದೊಡ್ಡ ಊರಿನವರು ತಲೆ ಎಣಿಸಿ ಅಂದರು. ಚಿಕ್ಕ ಊರಿನವರು ಊರಿಗೊಂದೇ ದನಿ ಅಂದರು. ಎಲ್ಲಕ್ಕಿಂತ ಚಿಕ್ಕದಾದ ಗುಬ್ಬಿಹಳ್ಳಿಯಿಂದ ಬಂದಿದ್ದ ತಿಮ್ಮಜ್ಜ ನಿಧಾನವಾಗಿ ಹೇಳಿದ, "ಎರಡು ಜಮಖಾನ ಹಾಸಿ. ಒಂದರ ಮೇಲೆ ಊರಿನ ತಲೆ ಎಣಿಸಿ ಅದಕ್ಕೆ ತಕ್ಕಷ್ಟು ಜನ ಕೂರಿ, ಇನ್ನೊಂದರ ಮೇಲೆ ಊರಿಗೊಬ್ಬರಂತೆ ಸಮಸಮ ಕೂರಿ. ಎರಡೂ ಕಡೆ ಹೂಂ ಅಂದರೆ ಮಾತ್ರ ಕಟ್ಟಳೆ." ಒಪ್ಪಿದರು.

ಎರಡನೇ ಜಗಳ. ಎಲ್ಲ ಊರಿಗೂ ಸೇರಿ ಆರಿಸೋ ಮುಂದಾಳು ಎಷ್ಟು ಕಾಲ ಇರಬೇಕು? "ಸಾಯೋತನಕ," ಅಂದ ಭರಮಪ್ಪ. "ಸ್ವಲ್ಪ ಕಾಲ. ಆಮೇಲೆ ಇಳಿದು ತನ್ನ ಕೇರಿಗೆ ಹೋಗಿ ಎಲ್ಲರ ಹಾಗೆ ಬಾಳಲಿ," ಅಂದ ತಿಮ್ಮಜ್ಜ. ಅದನ್ನೇ ಒಪ್ಪಿದರು. ಭರಮಪ್ಪನ ಮುಖ ಹುಳ್ಳಗಾಯಿತು.

ಮೂರನೇ ಜಗಳಕ್ಕೆ ಅವನೇ ಎದ್ದು ನಿಂತ. "ತಲೆ ಎಣಿಸುವಾಗ ನಮ್ಮ ಜೀತದವರನ್ನೂ ಎಣಿಸಬೇಕು." ಅವನ ಊರಲ್ಲಿ ಮುಕ್ಕಾಲು ಪಾಲು ಜೀತದವರೇ. ಅವರನ್ನೂ ಎಣಿಸಿದರೆ ಆ ಜಮಖಾನದ ತುಂಬ ಅವನ ಕಡೆಯವರೇ ಕೂರುತ್ತಾರೆ. ಮುಂದಾಳು ಅವನೇ ಆಗುತ್ತಾನೆ.

ಅಷ್ಟರಲ್ಲಿ ಕಲ್ಲಿನ ಮೇಲೆ ಕೆತ್ತೋ ಮಾತು ಮಾತ್ರ ಸಿದ್ಧವಾಗಿತ್ತು. "ನಾವು, ಹದಿಮೂರು ಊರಿನ ಜನ, ನಮಗಾಗಿ ಮಾಡಿಕೊಂಡ ಕಟ್ಟಳೆ ಇದು. ನಮ್ಮಲ್ಲಿ ಯಾರೂ ಯಾರ ಸೊತ್ತೂ ಅಲ್ಲ." ಆ ಕೊನೇ ಮಾತು ಸೇರಿಸಿ ಅಂತ ಹಟ ಹಿಡಿದವನು ಯಾರು? ಇದೇ ಭರಮಪ್ಪ. ರಾಜ ಒಂದು ಓಲೆಯಲ್ಲಿ ಅವನನ್ನು 'ನಮ್ಮ ಸೊತ್ತು' ಅಂತ ಬರೆಸಿದ್ದನಂತೆ, ಆ ಉರಿ ಅವನಿಗಿನ್ನೂ ಆರಿರಲಿಲ್ಲ.

ನೀರಿನ ಚೊಂಬು ಹಿಡಿದು ನಿಂತಿದ್ದ ಚೌಡವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಒಂದು ಹೆಜ್ಜೆ ಮುಂದೆ ಬಂದು ಬಾಯಿ ಬಿಟ್ಟಳು.

"ಧಣೀ, ಆ 'ನಾವು' ಒಳಗೆ ನಾನೂ ಇದ್ದೀನಾ?"

"ಇದ್ದೀಯ," ಅಂದ ಭರಮಪ್ಪ. ತಲೆ ಒಂದು ಹೆಚ್ಚಾಯಿತಲ್ಲ.

"ನನ್ನ ಕೆಂಪಿ?"

"ಅವಳೂ ಇದ್ದಾಳೆ."

"ಎಲ್ಲ ಜೀತದವರೂ?"

"ಎಲ್ಲರೂ ಕಣೇ, ಎಲ್ಲರೂ ನಾವೇ. ನೀರು ಕೊಡು."

ಆ ಸೀಮೆಯಲ್ಲಿ ಚಾವಡಿಯಲ್ಲಿ ಮೂರು ಸಲ ಒಪ್ಪಿದ ಮಾತನ್ನು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ತಿಮ್ಮಜ್ಜ ಮೆಲ್ಲಗೆ ಚೌಡವ್ವನ ಮುಖ ನೋಡಿದ. "ಜೀತದವರೂ ಲೆಕ್ಕಕ್ಕೆ ಸೇರಲಿ," ಅಂದ. ಎಲ್ಲರೂ ಹೂಂ ಅಂದರು. ಕಲ್ಲು ಕೆತ್ತಿದರು.

ಕಲ್ಲು ನೆಟ್ಟ ದಿನ ಬೆಳಿಗ್ಗೆ ಚೌಡವ್ವ ಬಾವಿಗೆ ಹೋದಳು. ಮಗಳ ಕೊಡಕ್ಕೆ ನೀರು ಹೊಯ್ದಳು. ಅರ್ಧ ಆಯಿತು. ಮುಕ್ಕಾಲು ಆಯಿತು. ಕಂಠದ ತನಕ ತುಂಬಿತು.

"ಎತ್ತು ಮಗಳೇ."

ಕೆಂಪಿ ನಗುನಗುತ್ತ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಇಬ್ಬರೂ ಕಲ್ಲಿನ ಮುಂದಕ್ಕೇ ನಡೆದು ಬಂದರು. ಭರಮಪ್ಪ ನೋಡಿದ. "ತುಂಬಿದ ಕೊಡ ಎತ್ತಿದಳು. ಇನ್ನು ಹುಡುಗಿ ನಮ್ಮ ಸೊತ್ತು," ಅಂತ ಕೈ ಚಾಚಿದ.

ಚೌಡವ್ವ ಅಡ್ಡ ನಿಂತಳು. "ಕಲ್ಲು ಓದಿಸಿ ಧಣೀ."

ತಿಮ್ಮಜ್ಜ ಓದಿದ. "ನಮ್ಮಲ್ಲಿ ಯಾರೂ ಯಾರ ಸೊತ್ತೂ ಅಲ್ಲ."

"ಅದು ನಮಗೆ," ಅಂದ ಭರಮಪ್ಪ. "ಇವರಿಗಲ್ಲ."

"ಹಾಗೇ ಆಗಲಪ್ಪ," ಅಂದ ತಿಮ್ಮಜ್ಜ. "ಇವರು ನಾವಲ್ಲ ಅಂದರೆ ಇವರ ತಲೆ ನಿನ್ನ ಲೆಕ್ಕದಿಂದ ಬಿಡ್ತೀವಿ. ಆಗ ನಿನ್ನ ಊರು ನಮ್ಮ ಗುಬ್ಬಿಹಳ್ಳಿಗಿಂತ ಚಿಕ್ಕದು. ಇವರು ನಾವೇ ಅಂದರೆ ಹುಡುಗಿ ಮೇಲಿನ ಕೈ ತೆಗಿ. ಮೂರು ಸಲ ಒಪ್ಪಿದವನು ನೀನು, ಈಗ ಯಾವುದು ಹೇಳು."

ಭರಮಪ್ಪ ಸುತ್ತ ನೋಡಿದ. ಜೀತದವರೆಲ್ಲ ಬಂದು ಚೌಡವ್ವನ ಹಿಂದೆ ನಿಂತಿದ್ದರು, ಅವರ ಹಿಂದೆ ಹದಿಮೂರು ಊರಿನವರೂ ನಿಂತಿದ್ದರು. ಅವನು ಕೈ ತೆಗೆದ.

ಅವತ್ತಿನಿಂದ ಆ ಸೀಮೆಯಲ್ಲಿ ಜೀತ ಹೋಯಿತು. ಭರಮಪ್ಪನಿಗೆ ನೀರು ಹೊತ್ತು ಕೊಡೋರು ಯಾರೂ ಇಲ್ಲ. ತಾನೇ ಬಾವಿಗೆ ಬಂದ. ಸೇದೋಕೆ ಬರಲಿಲ್ಲ. ಪಕ್ಕದಲ್ಲಿ ಕೊಡ ತುಂಬುತ್ತಿದ್ದ ಚೌಡವ್ವ, ಕೆಂಪಿಯ ಹತ್ತಿರ ಬಂದ.

"ನಾವು..." ಅಂದ. ತಡೆದ. ತಲೆ ತಗ್ಗಿಸಿ, "ನಾನು ಬಾಯಾರಿದೀನಿ ಕಣವ್ವ," ಅಂದ.

ಕೆಂಪಿ ತಾಯಿ ಮುಖ ನೋಡಿದಳು. ಚೌಡವ್ವ ಹೂಂ ಅಂದಳು. ಹುಡುಗಿ ತುಂಬಿದ ಕೊಡ ಬಗ್ಗಿಸಿ ಅವನ ಬೊಗಸೆಗೆ ನೀರು ಹೊಯ್ದಳು. ಎಷ್ಟೆಂದರೂ ಅವನೂ 'ನಾವು' ಒಳಗಿನವನೇ ಅಲ್ವಾ?

ಅಮೆರಿಕ ಅನ್ನೋ ದೇಶದಲ್ಲೂ ಹಿಂದೆ ಹದಿಮೂರು ಸೀಮೆಯವರು ರಾಜನನ್ನು ಬಿಟ್ಟು, ಬಾಗಿಲು ಹಾಕಿಕೊಂಡು ಕೂತು ಕಟ್ಟಳೆ ಬರೆದರು. ಅವರೂ 'ನಾವು' ಅಂತಲೇ ಶುರು ಮಾಡಿದರು. ಆದರೆ ಅಲ್ಲಿನ ಚೌಡವ್ವಂದಿರನ್ನು ಆ ಮಾತಿನ ಒಳಗೆ ಕರೆಯೋಕೆ ಬಹಳ ಕಾಲ ಹಿಡಿಯಿತು, ಬಹಳ ಕಣ್ಣೀರೂ ಹರಿಯಿತು. ನೀವು ಅಷ್ಟು ತಡ ಮಾಡಬೇಡಿ ಮಕ್ಕಳೇ. ನಾವು ಅಂತ ಬಾಯಿ ತೆರೆಯೋ ಮುಂಚೆ ಬಾಗಿಲ ಹತ್ತಿರ ಚೊಂಬು ಹಿಡಿದು ಯಾರು ನಿಂತಿದ್ದಾರೆ ನೋಡಿ. ಅವರನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆಮೇಲೆ ಮಾತಾಡಿ.